ಮನಸ್ಸನ್ನು ಅಳೆಯುವ ಮನಸ್ಸು: ಹಂಪಿಯ ಎರಡು ದರ್ಶನಗಳು ಮತ್ತು ಬೈಪೋಲಾರ್ ಕಾಯಿಲೆ

ತನ್ನ ಯೋಚನೆ ಸರಿದಾರಿಯಲ್ಲಿದೆಯೇ ಎಂದು ಪರೀಕ್ಷಿಸಹೊರಟ ಮನುಷ್ಯನಿಗೆ ಆ ಪರೀಕ್ಷೆಗೆ ಒದಗುವ ಸಾಧನವೂ ಅದೇ ಯೋಚನೆಯೇ ಎಂಬ ತೊಡಕನ್ನು ಭಾರತೀಯ ದಾರ್ಶನಿಕರು ಬಹು ಹಿಂದೆಯೇ ಗುರುತಿಸಿ, ಅದರ ಸುತ್ತ ಶತಮಾನಗಳ ಕಾಲ ವಾದಿಸಿದ್ದಾರೆ. ಹೆಚ್ಚಿನವರ ಬದುಕಿನಲ್ಲಿ ಈ ತೊಡಕು ತಲೆಯೆತ್ತುವುದು ಅಪರೂಪ. ಬೈಪೋಲಾರ್ ಕಾಯಿಲೆಯೊಂದಿಗೆ ಬಾಳುವವರಿಗೆ ಅದು ದಿನನಿತ್ಯದ ಪ್ರಶ್ನೆ. ಉನ್ಮಾದ ಮತ್ತು ಖಿನ್ನತೆ ಎಂಬ ಎರಡು ಸ್ಥಿತಿಗಳು ನಡುನಡುವೆ ಸಹಜವಾದ ಕಾಲವನ್ನು ಬಿಟ್ಟು ಮರಳಿ ಮರಳಿ ಬರುವ ಈ ಕಾಯಿಲೆಯಲ್ಲಿ, ಉನ್ಮಾದದ ದಿನಗಳು ಬಂದಾಗ ಎರಡು ಮೂರು ಗಂಟೆಯ ನಿದ್ದೆಯೇ ಸಾಕೆನಿಸುತ್ತದೆ, ಆಲೋಚನೆಗಳು ಒಂದನ್ನೊಂದು ತಳ್ಳಿಕೊಂಡು ಬರುತ್ತವೆ, ಕೈಗೆತ್ತಿಕೊಂಡದ್ದೆಲ್ಲ ಗೆದ್ದೇ ಗೆಲ್ಲುತ್ತದೆ ಎಂಬ ಅಚಲವಾದ ನಂಬಿಕೆ ಮೂಡುತ್ತದೆ. ಖಿನ್ನತೆಯ ವಾರಗಳಲ್ಲಿ ಅದೇ ವ್ಯಕ್ತಿಗೆ ಹಾಸಿಗೆ ಬಿಟ್ಟೇಳುವುದೇ ಭಾರವಾಗಿ, ಹಿಂದೆ ಮಾಡಿದ್ದೆಲ್ಲ ವ್ಯರ್ಥ, ಮುಂದೆ ಮಾಡುವುದಕ್ಕೂ ಏನೂ ಉಳಿದಿಲ್ಲ ಎಂಬ, ಅಷ್ಟೇ ಅಚಲವಾದ ನಂಬಿಕೆ ಕವಿಯುತ್ತದೆ. ನಂಬಿಕೆಗಳು ತದ್ವಿರುದ್ಧವಾದರೂ ನಿಶ್ಚಯದ ತೂಕ ಎರಡರಲ್ಲೂ ಒಂದೇ, ಮತ್ತು ಯಾವುದನ್ನು ನಂಬಬೇಕೆಂದು ತೀರ್ಮಾನಿಸಬೇಕಾದದ್ದೂ ಅದೇ ಮನಸ್ಸು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಇನ್ನೂರಕ್ಕೆ ಒಬ್ಬರಂತೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸ್ಥಿತಿಯನ್ನು ಕಂಡಿರುತ್ತಾರೆ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ದೊರೆತಿರುವುದಿಲ್ಲ.

ಮನೋವೈದ್ಯರು 'ಒಳನೋಟ' ಎಂಬ ಪದವನ್ನು, ತನಗೆ ಕಾಯಿಲೆಯಿದೆ ಎಂಬುದನ್ನು ರೋಗಿಯೇ ಗುರುತಿಸಬಲ್ಲ ಶಕ್ತಿ ಎಂಬ ಅರ್ಥದಲ್ಲಿ ಬಳಸುತ್ತಾರೆ. ಬೈಪೋಲಾರ್ ಕಾಯಿಲೆಯಲ್ಲಿ ಈ ಶಕ್ತಿ ಸ್ಥಿರವಾದ ಗುಣವಲ್ಲ. ಉನ್ಮಾದದಲ್ಲಿ ಅದು ಬಹಳ ಕುಗ್ಗುತ್ತದೆ, ಖಿನ್ನತೆಯಲ್ಲಿ ಅಷ್ಟಾಗಿ ಕುಗ್ಗುವುದಿಲ್ಲ, ಸ್ಥಿತಿ ತಿಳಿಯಾದಾಗ ಬಹುಪಾಲು ಮರಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲಾವೆಲ್ 'ಮೆಟಾಕಾಗ್ನಿಷನ್' ಎಂಬ ಪರಿಕಲ್ಪನೆಯನ್ನು, ಎಂದರೆ ತನ್ನ ಅರಿವಿನ ಬಗ್ಗೆ ತನಗಿರುವ ಅರಿವು ಎಂಬುದನ್ನು ಮುಂದಿಟ್ಟ ಮೇಲೆ ಈ ಕ್ಷೇತ್ರದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಅದರಲ್ಲಿ ಇಲ್ಲಿಗೆ ಹೆಚ್ಚು ಹತ್ತಿರವಾದುದು ಬ್ರಿಟನ್ನಿನ ವಾರೆನ್ ಮ್ಯಾನ್ಸೆಲ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಮಂಡಿಸಿದ ವಿವರಣೆ. ಮೈಮನಗಳಲ್ಲಿ ಆಗುವ ಬದಲಾವಣೆಗಿಂತ ಹೆಚ್ಚಾಗಿ, ಆ ಬದಲಾವಣೆಗೆ ವ್ಯಕ್ತಿ ಹಚ್ಚುವ ಅತಿರೇಕದ ಅರ್ಥವೇ ಏರಿಳಿತವನ್ನು ಬೆಳೆಸುತ್ತದೆ ಎಂಬುದು ಅವರ ವಾದ. ಮನಸ್ಸು ಚುರುಕಾಯಿತು ಎಂಬ ಒಂದೇ ಅನುಭವವನ್ನು ಒಬ್ಬ ವ್ಯಕ್ತಿಯೇ ಒಮ್ಮೆ 'ನನ್ನ ಕಾಲ ಬಂತು' ಎಂದೂ ಇನ್ನೊಮ್ಮೆ 'ಮತ್ತೆ ಆಸ್ಪತ್ರೆ ಸೇರುತ್ತೇನೆ' ಎಂದೂ ಓದಿಕೊಳ್ಳಬಹುದು. ಮೊದಲ ಓದು ನಿದ್ದೆಗೆಟ್ಟು ದುಡಿಯುವಂತೆ ಮಾಡಿದರೆ, ಎರಡನೆಯದು ಸಹಜವಾದ ಸಂತೋಷವನ್ನೂ ಹತ್ತಿಕ್ಕುವಂತೆ ಮಾಡುತ್ತದೆ.

ಈ ಪ್ರಶ್ನೆಯನ್ನು ಹಂಪಿಯ ನೆಲದಲ್ಲಿ ನಿಂತು ಕೇಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಮನಸ್ಸನ್ನು ಅರಿಯುವುದು ಯಾವುದು ಎಂಬುದಕ್ಕೆ ವೇದಾಂತ ಕೊಟ್ಟ 'ಸಾಕ್ಷಿ' ಎಂಬ ಉತ್ತರದ ಎರಡು ಬೇರೆ ಬೇರೆ ಸ್ವರೂಪಗಳನ್ನು ಪ್ರತಿಪಾದಿಸಿದ ಇಬ್ಬರು ಯತಿಗಳ ಹೆಸರು ಈ ಒಂದೇ ಊರಿನೊಂದಿಗೆ ಬೆಸೆದುಕೊಂಡಿದೆ. ವಿಜಯನಗರದ ಆರಂಭದ ದಶಕಗಳೊಂದಿಗೆ ಪರಂಪರೆ ನೆನೆಯುವ, ಮುಂದೆ ಶೃಂಗೇರಿಯ ಪೀಠಾಧಿಪತಿಯಾದ ವಿದ್ಯಾರಣ್ಯರು ಅದ್ವೈತಿಗಳು. ಕೃಷ್ಣದೇವರಾಯನ ಕಾಲದಲ್ಲಿ ರಾಜಧಾನಿಯಲ್ಲಿ ನೆಲೆಸಿ 1539ರಲ್ಲಿ ದೇಹ ಬಿಟ್ಟ, ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದ ನಡುವಿನ ಬೃಂದಾವನದಲ್ಲಿ ಪೂಜೆಗೊಳ್ಳುವ ವ್ಯಾಸತೀರ್ಥರು, ಜನರ ಬಾಯಲ್ಲಿ ವ್ಯಾಸರಾಜರು, ದ್ವೈತಿಗಳು. ಇಬ್ಬರೂ ಕಾಯಿಲೆಯ ಬಗ್ಗೆ ಬರೆಯಲಿಲ್ಲ, ಅವರ ಗುರಿ ಮೋಕ್ಷ. ಆದರೆ ಮನಸ್ಸಿನ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಅವರ ವಿಚಾರ ಇಂದಿನ ರೋಗಿಯ ಪ್ರಶ್ನೆಗೆ ನೇರವಾಗಿ ಎದುರಾಗುತ್ತದೆ.

ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಪಂಚದಶಿಯ ಹತ್ತನೆಯ ಪ್ರಕರಣಕ್ಕೆ ನಾಟಕದೀಪ ಎಂದು ಹೆಸರು. ನಾಟ್ಯಶಾಲೆಯಲ್ಲಿ ಉರಿಯುವ ದೀಪವೊಂದು ಸಭೆಯ ಒಡೆಯನನ್ನು, ನೆರೆದ ಪ್ರೇಕ್ಷಕರನ್ನು, ನರ್ತಕಿಯನ್ನು ಯಾವ ಭೇದವೂ ಇಲ್ಲದೆ ಬೆಳಗಿ, ಅವರೆಲ್ಲ ಎದ್ದುಹೋದ ಮೇಲೂ ತಾನು ಬೆಳಗುತ್ತಲೇ ಇರುತ್ತದೆ ಎಂಬ ಚಿತ್ರವನ್ನು ಅಲ್ಲಿ ಬಿಡಿಬಿಡಿಯಾಗಿ ಹೊಂದಿಸಲಾಗಿದೆ: ಒಡೆಯ ಅಹಂಕಾರ, ಪ್ರೇಕ್ಷಕರು ವಿಷಯಗಳು, ನರ್ತಕಿ ಬುದ್ಧಿ, ತಾಳ ಹಾಕುವವರು ಇಂದ್ರಿಯಗಳು, ದೀಪವೇ ಸಾಕ್ಷಿ. ಬುದ್ಧಿ ಎಷ್ಟೇ ವೇಗವಾಗಿ ಕುಣಿಯಲಿ, ದಣಿದು ಕುಸಿಯಲಿ, ಅದನ್ನು ಬೆಳಗುವ ಅರಿವು ಕುಣಿಯುವುದೂ ಇಲ್ಲ, ಕುಸಿಯುವುದೂ ಇಲ್ಲ. ಏರಿಳಿತಗಳ ನಡುವೆ 'ನಿಜವಾದ ನಾನು ಯಾರು, ಹಬ್ಬದಂತಿದ್ದ ಆ ನಾನೋ, ಮಂಕು ಬಡಿದ ಈ ನಾನೋ' ಎಂದು ಕಂಗೆಡುವ ವ್ಯಕ್ತಿಗೆ ಈ ಮಾತು ಕೊಡಬಲ್ಲ ಆಸರೆ ದೊಡ್ಡದು. ಎರಡೂ ನಾನಲ್ಲ, ಎರಡನ್ನೂ ಕಂಡದ್ದು ಒಂದಿದೆ ಎಂಬ ನೆಲೆ ಅಲ್ಲಿ ಸಿಗುತ್ತದೆ. ಕಾಯಿಲೆಯೇ ತನ್ನ ಗುರುತು ಎಂಬ ಅವಮಾನದಿಂದಲೂ ಅದು ಬಿಡಿಸುತ್ತದೆ.

ಆದರೆ ಈ ದೀಪ ಯಾರನ್ನೂ ತಡೆಯುವುದಿಲ್ಲ, ಯಾರಿಗೂ ತೀರ್ಪು ಕೊಡುವುದಿಲ್ಲ. ನರ್ತಕಿಯ ಹೆಜ್ಜೆ ತಪ್ಪಿದ್ದನ್ನೂ ಸರಿಯಿದ್ದುದನ್ನೂ ಒಂದೇ ಸಮನೆ ಬೆಳಗುವುದು ಅದರ ಸ್ವಭಾವವಾದುದರಿಂದ, ಹೊಲ ಮಾರಿ ಹೋಟೆಲು ತೆರೆಯಬೇಕೆಂದು ನಡುರಾತ್ರಿ ಹೊಳೆದ ಯೋಜನೆಯನ್ನು ಬೆಳಗಾಗುವ ಮೊದಲೇ ಜಾರಿಗೆ ತರಬೇಕೇ ಬೇಡವೇ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಇನ್ನೂ ಒಂದು ಅಪಾಯವಿದೆ. ಉನ್ಮಾದದಲ್ಲಿ ಧಾರ್ಮಿಕ ಭವ್ಯತೆಯ ಭ್ರಮೆ, ತಾನೇ ದೇವರು ಅಥವಾ ದೇವರಿಂದ ವಿಶೇಷವಾಗಿ ಆರಿಸಲ್ಪಟ್ಟವನು ಎಂಬ ನಂಬಿಕೆ, ಅಪರೂಪದ ಲಕ್ಷಣವಲ್ಲ. ಅಂಥ ಹೊತ್ತಿನಲ್ಲಿ ಬ್ರಹ್ಮವೂ ಆತ್ಮವೂ ಒಂದೇ ಎಂಬ ಬ್ರಹ್ಮಾತ್ಮೈಕ್ಯದ ಮಾತು ಔಷಧದ ಬದಲು ಉರುವಲಾಗಬಹುದು. ಚಿತ್ತಶುದ್ಧಿ, ವೈರಾಗ್ಯಗಳ ದೀರ್ಘವಾದ ಸಿದ್ಧತೆಯಿಲ್ಲದೆ ಆ ವಿಚಾರಕ್ಕೆ ಕೈಹಾಕಬಾರದೆಂದು ಅದ್ವೈತವೇ ವಿಧಿಸಿರುವುದನ್ನು ಇಲ್ಲಿ ನೆನೆಯಬೇಕು.

ವ್ಯಾಸರಾಜರ ಪರಂಪರೆಯಲ್ಲಿ ಸಾಕ್ಷಿಯ ಕೆಲಸವೇ ಬೇರೆ. ಮಧ್ವಾಚಾರ್ಯರ ಮತದಲ್ಲಿ ಕಣ್ಣು, ಕಿವಿ ಮೊದಲಾದ ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಒಂದು ಇಂದ್ರಿಯ, ಮತ್ತು ಈ ಆರೂ ದೋಷಕ್ಕೆ ಒಳಗಾಗಬಲ್ಲವು. ಇವುಗಳಿಗಿಂತ ಬೇರೆಯಾಗಿ, ಜೀವನ ಸ್ವರೂಪವೇ ಆಗಿರುವ ಏಳನೆಯ ಇಂದ್ರಿಯವೇ ಸಾಕ್ಷಿ. ತನ್ನ ಇರವು, ಸುಖ, ದುಃಖ, ಕಾಲ ಇವುಗಳನ್ನು ಅದು ನೇರವಾಗಿ ಅರಿಯುತ್ತದೆ. ಮನಸ್ಸು ತಂದ ಜ್ಞಾನವನ್ನೂ, ಆ ಜ್ಞಾನ ಸರಿಯಾದದ್ದು ಎಂಬುದನ್ನೂ ಅರಿಯುವುದು ಅದೇ. ಸಾಕ್ಷಿಯ ನಿಶ್ಚಯ ಎಂದೂ ಸುಳ್ಳಾಗುವುದಿಲ್ಲ, ಮನಸ್ಸಿನ ನಿಶ್ಚಯ ಸುಳ್ಳಾಗಬಹುದು. ಹಾಗೆ ಪ್ರಾಮಾಣ್ಯ, ಎಂದರೆ ಜ್ಞಾನ ಸರಿಯೆಂಬುದು, ಆ ಜ್ಞಾನವನ್ನು ಅರಿಯುವ ಸಾಕ್ಷಿಗೇ ತಿಳಿಯುತ್ತದೆ; ಅಪ್ರಾಮಾಣ್ಯ, ಎಂದರೆ ಅದು ತಪ್ಪೆಂಬುದು, ಮಾತ್ರ ಬೇರೆ ಆಧಾರದಿಂದ, ಕೈಗೊಂಡ ಕೆಲಸ ಕೆಟ್ಟುದೇ ಮೊದಲಾದ ಗುರುತುಗಳಿಂದ, ಊಹಿಸಿ ತಿಳಿಯಬೇಕಾದದ್ದು. ಈ ಸಿದ್ಧಾಂತವನ್ನು ವ್ಯಾಸರಾಜರು ತರ್ಕತಾಂಡವವೆಂಬ ಗ್ರಂಥದಲ್ಲಿ ನ್ಯಾಯದರ್ಶನದ ನೈಯಾಯಿಕರ ಎದುರು ವಿಸ್ತಾರವಾಗಿ ಸಮರ್ಥಿಸಿದ್ದಾರೆ. ಸತ್ಯವನ್ನು ಹಿಡಿಯುವ ಶಕ್ತಿ ಸಾಕ್ಷಿಗೆ ಸಹಜವಾಗಿಯೇ ಇದ್ದರೂ ದೋಷದ ಶಂಕೆ ಅದಕ್ಕೆ ಅಡ್ಡ ನಿಂತಾಗ ಪರೀಕ್ಷೆ ಬೇಕಾಗುತ್ತದೆ. ಪರೀಕ್ಷೆ ಸತ್ಯವನ್ನು ಹುಟ್ಟಿಸುವುದಿಲ್ಲ, ಅಡ್ಡಿಯನ್ನು ಸರಿಸುತ್ತದೆ.

ಸಾಕ್ಷಿ ಮತ್ತು ಮನಸ್ಸಿನ ನಡುವಿನ ಈ ವಿಭಾಗವನ್ನು ಬೈಪೋಲಾರ್ ಅನುಭವದ ಮೇಲಿಟ್ಟು ನೋಡಿದರೆ ಸಿಗುವ ಫಲ ದೊಡ್ಡದು. ಉನ್ಮಾದದಲ್ಲಿರುವವನು ಸಂತೋಷಪಡುತ್ತಿದ್ದಾನೆ ಎಂಬುದು ಸಾಕ್ಷಿಸಿದ್ಧವಾದ ಸತ್ಯ, ಅದನ್ನು ಯಾವ ವೈದ್ಯನೂ ಅಲ್ಲಗಳೆಯಲಾರ. 'ಆದ್ದರಿಂದ ಈ ವ್ಯಾಪಾರದಲ್ಲಿ ಗೆಲ್ಲುತ್ತೇನೆ' ಎಂಬುದು ಆ ಸಂತೋಷವನ್ನು ಆಧಾರ ಮಾಡಿಕೊಂಡು ಮನಸ್ಸು ತಂದ ಜ್ಞಾನ, ಅದು ತಪ್ಪಿರಬಹುದು. ಖಿನ್ನತೆಯಲ್ಲಿರುವವಳ ಸಂಕಟ ಅಕ್ಷರಶಃ ನಿಜ, 'ಸುಮ್ಮನೆ ನಾಟಕ', 'ಧೈರ್ಯ ತಂದುಕೋ' ಎಂಬ ಮನೆಯವರ ಮಾತು ಆ ನಿಜಕ್ಕೆ ಮಾಡುವ ಅನ್ಯಾಯ. 'ಆದ್ದರಿಂದ ನಾನು ಯಾರಿಗೂ ಬೇಡವಾದವಳು' ಎಂಬ ತೀರ್ಪಾದರೋ ಸಂಕಟದಷ್ಟು ಸತ್ಯವಲ್ಲ. ಅನುಭವವನ್ನು ಪೂರ್ತಿ ಒಪ್ಪಿಕೊಂಡೇ ಅದರಿಂದ ಹೊರಟ ತೀರ್ಮಾನವನ್ನು ತಡೆಹಿಡಿಯುವ ಈ ದಾರಿ, ರೋಗಿಯ ಮಾತನ್ನೆಲ್ಲ ರೋಗದ ಮಾತೆಂದು ತಳ್ಳಿಹಾಕುವ ಒರಟುತನಕ್ಕಿಂತಲೂ, ಅನುಭವವೇ ಪ್ರಮಾಣವೆಂದು ಸುಮ್ಮನಾಗುವ ಸೌಜನ್ಯಕ್ಕಿಂತಲೂ ಮೇಲು. 'ಯಾರಿಗೂ ಬೇಡವಾದವಳು' ಎಂಬಂಥ ತೀರ್ಪು ಪ್ರಾಣಕ್ಕೇ ಎರವಾಗುವ ಹೊತ್ತಿನಲ್ಲಿ ವಿಚಾರ ಮಾಡುತ್ತ ಕೂರುವಂತಿಲ್ಲ. ಅಂಥ ಹೊತ್ತಿಗೆಂದೇ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ, ಕನ್ನಡದಲ್ಲಿಯೂ, ಉಚಿತವಾಗಿ ದೊರೆಯುತ್ತದೆ.

ದ್ವೈತದ ಈ ಉತ್ತರಕ್ಕೂ ಒಂದು ಕಠಿಣವಾದ ಆಕ್ಷೇಪವಿದೆ. ಮನಸ್ಸಿನ ಹುಸಿ ನಿಶ್ಚಯ ಮತ್ತು ಸಾಕ್ಷಿಯ ನಿಜ ನಿಶ್ಚಯ ಎರಡೂ ಒಳಗಿನಿಂದ ಒಂದೇ ಬಗೆಯಾಗಿ ತೋರಿದರೆ, ಮಾತನಾಡುತ್ತಿರುವುದು ಯಾವುದೆಂದು ತಿಳಿಯುವುದು ಹೇಗೆ? ಉನ್ಮಾದದ ಹೊತ್ತಿನಲ್ಲಿ ಶಂಕೆಯೇ ಹುಟ್ಟದಿರುವುದರಿಂದ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ. ಸಿದ್ಧಾಂತದ ಅತ್ಯಂತ ದುರ್ಬಲವಾದ ಕೊಂಡಿ ಇದೇ, ಮತ್ತು ಈ ಕಾಯಿಲೆಯೊಂದಿಗೆ ಬಹುಕಾಲ ಬಾಳಿದವರ ಅನುಭವ ಶಾಸ್ತ್ರಕ್ಕೆ ಏನನ್ನಾದರೂ ಕಲಿಸಬಲ್ಲುದಾದರೆ ಅದು ಇಲ್ಲಿಯೇ. ಪರೀಕ್ಷೆಯನ್ನು ಅದೇ ಗಳಿಗೆಯಲ್ಲಿ ಅದೇ ವ್ಯಕ್ತಿ ಒಳಗಣ್ಣಿನಿಂದ ಮಾಡಬೇಕಾಗಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದಾರೆ: ತಿಳಿಯಾದ ಕಾಲದಲ್ಲಿ ಗುರುತುಗಳನ್ನು ಗೊತ್ತುಮಾಡಿಟ್ಟುಕೊಂಡು, ಕದಡಿದ ಕಾಲದಲ್ಲಿ ಮನಸ್ಸಿನ ಮಾತನ್ನು ಬಿಟ್ಟು ಆ ಗುರುತುಗಳ ಮಾತನ್ನು ಕೇಳುವುದು ಅವರ ಪರೀಕ್ಷೆ. ಸಾಮಾನ್ಯವಾದ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು, ಮಲಗಿದ ಹೊತ್ತು, ಎದ್ದ ಹೊತ್ತು, ಮಾತ್ರೆ ನುಂಗಿದ್ದಕ್ಕೆ ಒಂದು ಗೀಟು, ಮನಸ್ಸಿನ ಏರಿಳಿತಕ್ಕೆ ಸೊನ್ನೆಯಿಂದ ಹತ್ತರೊಳಗಿನ ಒಂದು ಅಂಕಿ. ಮೂರು ರಾತ್ರಿ ಸತತವಾಗಿ ನಿದ್ದೆ ನಾಲ್ಕು ಗಂಟೆಗಿಂತ ಕಡಿಮೆಯಾಗಿ, ಬೆಳಿಗ್ಗೆ ದಣಿವೂ ಕಾಣದಿದ್ದರೆ, ಎಷ್ಟೇ ಉಲ್ಲಾಸವಿದ್ದರೂ ವೈದ್ಯರ ಬಳಿ ಹೋಗಬೇಕೆಂಬ ಕರಾರು. 1999ರಲ್ಲಿ ಬ್ರಿಟನ್ನಿನಲ್ಲಿ 69 ಮಂದಿಯ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಹೀಗೆ ಮುನ್ಸೂಚನೆಗಳನ್ನು ಗುರುತಿಸಿ ಬೇಗನೆ ವೈದ್ಯರನ್ನು ಕಾಣಲು ಕಲಿತವರಲ್ಲಿ ಉನ್ಮಾದ ಮರುಕಳಿಸುವುದು ಬಹಳಷ್ಟು ತಡವಾಯಿತು. ಖಿನ್ನತೆಯ ಮಟ್ಟಿಗೆ ಅಂಥ ಲಾಭ ಕಾಣಲಿಲ್ಲ. ಮೆಲ್ಲಮೆಲ್ಲನೆ ಕವಿಯುವುದನ್ನು ಗುರುತಿನಿಂದ ಹಿಡಿಯುವುದು ಕಷ್ಟವೆಂದು ತೋರುತ್ತದೆ. ತಪ್ಪೆಂಬುದು ಹೊರಗಿನ ಆಧಾರದಿಂದ ತಿಳಿಯತಕ್ಕದ್ದು ಎಂಬ ಅಪ್ರಾಮಾಣ್ಯದ ಸಿದ್ಧಾಂತ ಈ ನೋಟ್‌ಬುಕ್ಕಿನಲ್ಲಿ ಬಳಕೆಗೆ ಬಂದಿದೆ.

ನಿದ್ದೆ, ಮಾತ್ರೆಗಳೇ ಗುರುತುಗಳಾದಾಗ ಜಾಗರಣೆ, ಉಪವಾಸಗಳಂಥ ಧರ್ಮಾಚರಣೆಯ ಪ್ರಶ್ನೆ ಎದುರಾಗುತ್ತದೆ. ಹಂಪಿಯಲ್ಲೇ ನೆಲೆಸಿ ವಿರೂಪಾಕ್ಷನನ್ನು ಆರಾಧಿಸಿದ ಕವಿ ಹರಿಹರನ ರಗಳೆಗಳಲ್ಲಿ ಭಕ್ತಿಯ ಆವೇಶ ಲೋಕದ ಕಣ್ಣಿಗೆ ಹುಚ್ಚಾಗಿ ಕಾಣುವ ಪ್ರಸಂಗಗಳು ಬೇಕಾದಷ್ಟಿವೆ. ಶಿವನಿಗಾಗಿ ಕಣ್ಣನ್ನೇ ಕಿತ್ತುಕೊಟ್ಟ ಕಣ್ಣಪ್ಪನನ್ನು ಕನ್ನಡ ನಾಡು ರೋಗಿಯೆಂದು ಕಂಡಿಲ್ಲ. ಆದುದರಿಂದ ತೀವ್ರವಾದ ಭಕ್ತಿಯನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದು ಅವಿವೇಕ. ಅದೇ ಹೊತ್ತಿಗೆ ಪ್ರಾಚೀನರು, ಇಂದಿನದಕ್ಕಿಂತ ವಿಶಾಲವಾದ ಅರ್ಥದಲ್ಲಿ, ಉನ್ಮಾದವನ್ನು ಅರಿಯದವರೂ ಅಲ್ಲ: ಚರಕಸಂಹಿತೆ ಅದನ್ನು ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಈ ಎಂಟೂ ದಾರಿ ತಪ್ಪುವುದೆಂದು ಲಕ್ಷಣಿಸುತ್ತದೆ, ಮತ್ತು ಆ ಪಟ್ಟಿಯಲ್ಲಿ ಭಕ್ತಿ, ಎಂದರೆ ಒಲವು, ಕೂಡ ಇದೆ. ಮಹಾಶಿವರಾತ್ರಿಯ ಜಾಗರಣೆಯನ್ನು ವಿರೂಪಾಕ್ಷನ ಸನ್ನಿಧಿಯಲ್ಲಿ ಮಾಡಬೇಕೆಂದು ಹಂಬಲಿಸುವ ಬೈಪೋಲಾರ್ ರೋಗಿಗೆ ಒಂದು ರಾತ್ರಿಯ ನಿದ್ದೆಗೇಡೂ ಉನ್ಮಾದವನ್ನು ಕೆರಳಿಸಬಲ್ಲುದು. ಬೇರೆ ಬೇರೆ ಕಾರಣಗಳು ಉನ್ಮಾದವನ್ನು ಹುಟ್ಟಿಸುವ ಕೊನೆಯ ಸಮಾನ ದಾರಿ ನಿದ್ದೆಯ ಕೊರತೆಯೇ ಇರಬಹುದೆಂದು 1987ರಲ್ಲೇ ಅಮೆರಿಕದ ಥಾಮಸ್ ವೇರ್ ಮತ್ತು ಸಂಗಡಿಗರು ವಾದಿಸಿದ್ದರು. ಲಿಥಿಯಂ ತೆಗೆದುಕೊಳ್ಳುವವರ ಪಾಡು ಇನ್ನೂ ಸೂಕ್ಷ್ಮ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದಲ್ಲಿ ಇದರ ಗುಣವನ್ನು ಕಂಡುಹಿಡಿದಂದಿನಿಂದ ಇದು ಮುಖ್ಯ ಔಷಧಗಳಲ್ಲೊಂದು, ಆದರೆ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಸಂಡೂರಿನ ಗಣಿಯಲ್ಲೋ ಕಂಪ್ಲಿಯ ಗದ್ದೆಯಲ್ಲೋ ಬೇಸಗೆಯ ಬಿಸಿಲಿಗೆ ಬೆವರಿಳಿಸಿ ದುಡಿಯುವವನಿಗೆ ನಿರ್ಜಲ ಏಕಾದಶಿಯೂ, ರಂಜಾನಿನ ಉಪವಾಸವೂ ವೈದ್ಯರನ್ನು ಕೇಳದೆ ಕೈಗೊಳ್ಳಬಾರದ ವ್ರತಗಳು. ಬಾಲರು, ವೃದ್ಧರು, ಆತುರರು ಎಂದರೆ ರೋಗಿಗಳು, ಇವರಿಗೆ ಉಪವಾಸದಿಂದ ಧರ್ಮಶಾಸ್ತ್ರದಲ್ಲೇ ವಿನಾಯಿತಿಯಿದೆ, ಕುರಾನ್ ಕೂಡ ರೋಗಿಗಳಿಗೆ ಅಂಥ ವಿನಾಯಿತಿ ಕೊಡುತ್ತದೆ. ದೇವರ ಹೆಸರಿನಲ್ಲಿ ಅದನ್ನು ನಿರಾಕರಿಸುವುದು ಭಕ್ತಿಯ ಹೆಚ್ಚಳವೆಂದು ಯಾವ ಗುರುವೂ ಬೋಧಿಸಬಾರದು.

ಈ ಸೀಮೆಗೆ ಇನ್ನೊಂದು ಹಿರಿಮೆಯಿದೆ, ಅದು ಸ್ಥಳೀಯರ ನೆನಪಿನಿಂದಲೇ ಮಾಸುತ್ತಿರುವುದು ಖೇದದ ಸಂಗತಿ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ, ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಗಳಿಗೆ ಊರ ಬಳಿಯ ಆಸ್ಪತ್ರೆಯಲ್ಲೇ ಚಿಕಿತ್ಸೆ ದೊರಕುವಂತೆ ಮಾಡಿದ ಪ್ರಯೋಗ ನಡೆಯಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ತತ್ತ್ವದ ದೃಷ್ಟಿಯಿಂದಲೂ ಇದಕ್ಕೆ ಮಹತ್ವವಿದೆ. ಪರೀಕ್ಷೆಗೆ ಹೊರಗಿನ ಆಧಾರ ಬೇಕೆನ್ನುವುದಾದರೆ ಆ ಆಧಾರ ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು. ಗಾಳಿ ಸೋಕಿದೆಯೆಂದು ಒಂದು ಗುಡಿಯಿಂದ ಇನ್ನೊಂದಕ್ಕೆ ಅಲೆದು ವರ್ಷಗಳು ಕಳೆದ ಮೇಲೆ ಸಿಗುವ ಸರಿಯಾದ ಮಾತು, ಅಷ್ಟರಲ್ಲಿ ಕಳೆದುಹೋದ ಕೆಲಸವನ್ನೂ ಸಂಬಂಧಗಳನ್ನೂ ಮರಳಿ ತರಲಾರದು.

ಆಧಾರ ಹತ್ತಿರದಲ್ಲಿದ್ದರೂ, ಕದಡಿದ ಹೊತ್ತಿನಲ್ಲಿ ತೀರ್ಮಾನದ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಮಾಧ್ವ ಪರಂಪರೆಯಲ್ಲಿ ಪ್ರಚಲಿತವಾದ ಒಂದು ಕಥೆಯ ಪ್ರಕಾರ, ಕೃಷ್ಣದೇವರಾಯನ ಜಾತಕದಲ್ಲಿ ಕುಹೂಯೋಗವೆಂಬ ಕೇಡಿನ ಗಳಿಗೆ ಬಂದಾಗ ಆತ ಸಿಂಹಾಸನವನ್ನು ತಾನು ಬಿಟ್ಟು ಅದರ ಮೇಲೆ ವ್ಯಾಸತೀರ್ಥರನ್ನು ಕೂರಿಸಿದ, ಗಳಿಗೆ ಕಳೆದ ಮೇಲೆ ಅವರು ಅದನ್ನು ಆತನಿಗೆ ಹಿಂದಿರುಗಿಸಿದರು, ವ್ಯಾಸರಾಜರೆಂಬ ಹೆಸರು ಬಂದದ್ದೂ ಹಾಗೆಯೇ. ಜ್ಯೋತಿಷ್ಯವನ್ನು ಒಪ್ಪಲಿ, ಬಿಡಲಿ, ಕಥೆಯಲ್ಲಿ ಅಡಗಿರುವ ನೀತಿವಿಚಾರ ಗಂಭೀರವಾದದ್ದು: ತನ್ನ ತೀರ್ಮಾನದ ಶಕ್ತಿ ಕೆಡಬಹುದಾದ ಕಾಲವನ್ನು ಮುಂದಾಗಿ ಅರಿತು, ಅಧಿಕಾರವನ್ನು ತಾನೇ ಆರಿಸಿದ ನಂಬಿಗಸ್ತನಿಗೆ ಅಷ್ಟು ಹೊತ್ತಿನ ಮಟ್ಟಿಗೆ ಒಪ್ಪಿಸುವುದು ದೊರೆತನದ ಕುಂದಲ್ಲ, ಅದರ ಪ್ರೌಢಿಮೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಹತ್ತಿರವಾದ ಹಕ್ಕನ್ನು ಪ್ರತಿಯೊಬ್ಬ ವಯಸ್ಕನಿಗೂ ಕೊಟ್ಟಿದೆ. ತಾನು ಕಾಯಿಲೆ ಬಿದ್ದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ನಿರ್ಧರಿಸುವವರು ಯಾರು ಎಂಬುದನ್ನು ಮುಂಚಿತವಾಗಿ ಬರೆದಿಡಬಹುದಾದ ಮುನ್ನಿರ್ದೇಶನಕ್ಕೆ ಅಲ್ಲಿ ಅವಕಾಶವಿದೆ. ಚಿಕಿತ್ಸೆಯ ಬಗ್ಗೆ ತಾನೇ ನಿರ್ಧರಿಸುವ ಸಾಮರ್ಥ್ಯ ಇಲ್ಲವಾದಾಗ ಮಾತ್ರ ಅದು ಜಾರಿಗೆ ಬರುತ್ತದೆ, ಸಾಮರ್ಥ್ಯ ಮರಳಿದೊಡನೆ ನಿಲ್ಲುತ್ತದೆ. ಸಿಂಹಾಸನ ಹಿಂದಿರುಗಲೇಬೇಕು ಎಂಬ ಷರತ್ತು ಕಾನೂನಿನಲ್ಲೂ ಇದೆ. ತಿಳಿಯಾದ ಕಾಲದ ನಾನು ಕದಡಿದ ಕಾಲದ ನನ್ನ ಮೇಲೆ ಹೊಂದಿರುವ ಈ ಅಧಿಕಾರದ ಬಗ್ಗೆ, ಎರಡೂ ನಾನೇ ಆಗಿರುವಾಗ ಒಂದರ ಮಾತು ಇನ್ನೊಂದರ ಮಾತಿಗಿಂತ ಮೇಲೇಕೆ ಎಂಬ ತಕರಾರು ಎದ್ದೇ ಏಳುತ್ತದೆ. ಶಂಕೆಗೆ ಒಡ್ಡಿಕೊಂಡು ಪರೀಕ್ಷೆ ದಾಟಿ ಬಂದ ನಿಶ್ಚಯಕ್ಕೆ, ಶಂಕೆಯನ್ನೇ ಒಳಗೆ ಬಿಡದ ನಿಶ್ಚಯಕ್ಕಿಂತ ಹೆಚ್ಚಿನ ಅಧಿಕಾರವಿದೆ ಎಂಬುದು ವ್ಯಾಸರಾಜರ ವಿಚಾರಸರಣಿಯಿಂದ ಹೊರಡಬಹುದಾದ ಉತ್ತರ.

ಆದರೆ ಪರೀಕ್ಷೆಗೂ ಒಂದು ಮೇರೆಯಿರಬೇಕೆಂಬುದನ್ನು ಅದೇ ಸಿದ್ಧಾಂತ ಒತ್ತಿ ಹೇಳುತ್ತದೆ, ಮತ್ತು ಮನೆಯವರು ಕೇಳಿಸಿಕೊಳ್ಳಬೇಕಾದ ಮಾತು ಇದೇ. ಒಮ್ಮೆ ಆಸ್ಪತ್ರೆ ಸೇರಿ ಬಂದವರ ಜೋರು ನಗು, ಮಗಳ ಮದುವೆಗೆ ಕೊಂಡ ಒಂದು ಸೀರೆ, ಅಣ್ಣತಮ್ಮಂದಿರೊಡನೆ ಆಸ್ತಿಯ ವಿಷಯದಲ್ಲಿ ಬಂದ ನ್ಯಾಯವಾದ ಸಿಟ್ಟು, ಎಲ್ಲವೂ 'ಮತ್ತೆ ಶುರುವಾಯಿತೇನೋ' ಎಂಬ ಕಣ್ಣಿಗೆ ಗುರಿಯಾಗುತ್ತವೆ. ಕಾಯಿಲೆಗಿಂತ ಈ ಕಣ್ಣೇ ಹೆಚ್ಚು ನೋಯಿಸುತ್ತದೆಂದು ಹೇಳುವವರು ಕಡಿಮೆಯಲ್ಲ, ಆ ಕಣ್ಣು ಕೊನೆಗೆ ಅವರದೇ ಕಣ್ಣಾಗಿ, ತನ್ನ ಪ್ರತಿಯೊಂದು ಸಂತೋಷವನ್ನೂ ತಾನೇ ಶಂಕಿಸುವ ಸ್ಥಿತಿಗೆ ಅವರು ಬರುತ್ತಾರೆ. ಪ್ರಾಮಾಣ್ಯ ಬೇರೆ ಆಧಾರವಿಲ್ಲದೆ ತಾನಾಗಿಯೇ ತಿಳಿಯುತ್ತದೆಂಬ ಸ್ವತಃಪ್ರಾಮಾಣ್ಯವನ್ನು ಒಪ್ಪಿದವರ ಮತದಲ್ಲಿ ಜ್ಞಾನವನ್ನು ಮೊದಲು ನಂಬಬೇಕು. ದೋಷದ ಗುರುತು ಕಂಡರೆ ಮಾತ್ರ ಶಂಕೆ, ಶಂಕೆ ಬಂದರೆ ಮಾತ್ರ ಪರೀಕ್ಷೆ, ಪರೀಕ್ಷೆ ಮುಗಿದಲ್ಲಿಗೆ ಶಂಕೆಯೂ ಮುಗಿಯಬೇಕು. ಗುರುತಿಲ್ಲದ ಶಂಕೆಗೆ ಕೊನೆಯೇ ಇರುವುದಿಲ್ಲವಾದುದರಿಂದ ಅದು ಯಾವ ಜ್ಞಾನವನ್ನೂ, ಶಂಕಿಸುವವರ ಜ್ಞಾನವನ್ನೂ ಸೇರಿಸಿ, ಉಳಿಯಗೊಡುವುದಿಲ್ಲ. ನಿದ್ದೆ ಸರಿಯಾಗಿದ್ದು, ಮಾತ್ರೆ ತಪ್ಪದೆ ನಡೆದು, ಖರ್ಚು ಗೊತ್ತುಮಾಡಿಕೊಂಡ ಮಿತಿಯೊಳಗೇ ಇದ್ದರೆ, ಆ ನಗು ನಗುವೇ, ಆ ಸಿಟ್ಟಿನ ಹಿಂದಿನ ದೂರು ವಿಚಾರಿಸತಕ್ಕ ದೂರೇ. ಅದಕ್ಕೆ ಬೇರೆ ಯಾರಿಗಾದರೂ ಕೊಡುವಂಥದೇ ಉತ್ತರವನ್ನು ಅವರಿಗೂ ಕೊಡಬೇಕು.